ಕರೆದವರ ಋಣ

‘ಸಂದರ್ಶನ’ ಎಂಬ ಪದವನ್ನು ಬಿಡಿಸಿದರೆ ‘ಚೆನ್ನಾಗಿ ಕಾಣುವುದು’ ಎಂಬ ಅರ್ಥ ದೊರೆಯುತ್ತದೆ. ‘ಸಂ’ ಎಂಬ ಉಪಸರ್ಗಕ್ಕೆ ‘ಒಟ್ಟಿಗೆ’ ಎಂಬ ಅರ್ಥವೂ ಉಂಟು. ಆ ಅರ್ಥವನ್ನು ಹಿಡಿದರೆ ಸಂದರ್ಶನವೆಂದರೆ ಇಬ್ಬರು ಒಬ್ಬರನ್ನೊಬ್ಬರು ಕಾಣುವುದು ಎಂದಾಗುತ್ತದೆ. ಇಂದಿನ ಕಂಪನಿಗಳು ಕೆಲಸಕ್ಕೆ ಜನರನ್ನು ಆರಿಸಿಕೊಳ್ಳುವ ರೀತಿಗೆ ಈ ಪದವನ್ನು ಬಳಸುತ್ತಿರುವುದು ಪದಕ್ಕೆ ಮಾಡುತ್ತಿರುವ ಅಪಚಾರವೇ ಸರಿ. ಅಲ್ಲಿ ಒಂದು ಪಕ್ಷ ಕಾಣುತ್ತದೆ, ಇನ್ನೊಂದು ಪಕ್ಷ ಕಾಣಿಸಿಕೊಳ್ಳುತ್ತದೆ. ಕಂಡವರು ತಾವು ಏನನ್ನು ಕಂಡೆವೆಂಬುದನ್ನು ಹೇಳದೆ ಎದ್ದುಹೋಗುತ್ತಾರೆ.

ಮಳವಳ್ಳಿ ತಾಲ್ಲೂಕಿನ ತರುಣನೊಬ್ಬನ ಅನುಭವವನ್ನು ಇಲ್ಲಿ ಗಮನಿಸಬಹುದು. ಅವನ ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ಒಂದರ ಹೆಸರನ್ನು ಹೇಳಿದರೆ ಹಾಗೆಯೇ ನಡೆದುಕೊಳ್ಳುವ ಉಳಿದ ನೂರಾರು ಕಂಪನಿಗಳು ಪಾರಾದಂತಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ತಲುಪಿದರೆ ತಲುಪಿತು, ಇಲ್ಲವಾದರೆ ಇಲ್ಲ ಎನ್ನುವ ಕೊನೆಯ ಭಾಗದ ಊರು ಅವನದು. ತಂದೆಯದು ಕಬ್ಬು, ತಾಯಿಯದು ಎರಡು ಹಸು ಮತ್ತು ಡೇರಿಯ ಲೆಕ್ಕದ ಪುಸ್ತಕ. ಮಂಡ್ಯದಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿದವನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಅರ್ಜಿ ಹಾಕಿದ. ಕರೆ ಬಂದಿತು. ಕರೆ ಬಂದಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಲೇಖನದ ವಾದವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ಮೊದಲನೆಯ ಸುತ್ತು ಅಂತರ್ಜಾಲದ ಪರೀಕ್ಷೆ. ಹಳ್ಳಿಯಲ್ಲಿ ಕರೆಂಟನ್ನು ನೆಚ್ಚುವಂತಿರಲಿಲ್ಲವಾದ್ದರಿಂದ ಮಳವಳ್ಳಿ ಪಟ್ಟಣದ ಬಂಧುಗಳ ಮನೆಯಲ್ಲಿ ಕುಳಿತು ಬರೆದ, ತೇರ್ಗಡೆಯಾದ. ಎರಡನೆಯ ಸುತ್ತಿನಲ್ಲಿ ಎದುರಿಗೆ ಮನುಷ್ಯರೇ ಇರಲಿಲ್ಲ. ಪರದೆಯ ಮೇಲೆ ಒಂದು ಪ್ರಶ್ನೆ ಮೂಡುತ್ತದೆ, ಯೋಚಿಸಲು ಅರ್ಧ ನಿಮಿಷ, ಉತ್ತರಿಸಲು ಎರಡು ನಿಮಿಷ. ಕ್ಯಾಮೆರಾದ ಚುಕ್ಕೆಯನ್ನೇ ನೋಡುತ್ತ, ತನ್ನ ಮುಖವನ್ನು ತಾನೇ ಕಾಣುತ್ತ ಮಾತನಾಡಬೇಕು. ನಗುವವರಿಲ್ಲ, ತಲೆದೂಗುವವರಿಲ್ಲ, ‘ಪ್ರಶ್ನೆ ಅರ್ಥವಾಗಲಿಲ್ಲ’ ಎಂದರೆ ಬಿಡಿಸಿ ಹೇಳುವವರಿಲ್ಲ. ಆ ದೃಶ್ಯಮುದ್ರಿಕೆಯನ್ನು ಕೊನೆಗೆ ಮನುಷ್ಯರು ನೋಡಿದರೋ, ಯಂತ್ರವೇ ಅಳೆದು ಅಂಕ ಹಾಕಿತೋ ಅವನಿಗೆ ಇಂದಿಗೂ ತಿಳಿಯದು. ಅದನ್ನೂ ದಾಟಿದ.

ಮೂರನೆಯದಕ್ಕೆ ಬೆಂಗಳೂರಿಗೇ ಬರಬೇಕೆಂದರು, ಬೆಳಿಗ್ಗೆ ಒಂಬತ್ತೂವರೆಗೆ. ಮಳವಳ್ಳಿಗೆ ರೈಲು ಇಲ್ಲ. ಕತ್ತಲಲ್ಲೇ ಎದ್ದು ತಂದೆಯ ಮೋಟಾರು ಸೈಕಲ್ಲಿನಲ್ಲಿ ಮಳವಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ ಮದ್ದೂರಿಗೆ, ಮದ್ದೂರಿನಿಂದ ರೈಲಿನಲ್ಲಿ ನಿಂತುಕೊಂಡು ಬೆಂಗಳೂರಿಗೆ, ಅಲ್ಲಿಂದ ಮತ್ತೆರಡು ಬಸ್ಸು. 2023ರ ಮಾರ್ಚ್ 12ರಂದು ಇದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದ ದಶಪಥ ಹೆದ್ದಾರಿ ಕಾರು ಉಳ್ಳವರನ್ನು ಮಂಡ್ಯ, ಮದ್ದೂರುಗಳ ಪಕ್ಕದಿಂದಲೇ ವೇಗವಾಗಿ ದಾಟಿಸುತ್ತದೆ. ಕೆಲಸ ಹುಡುಕುವವನ ದಾರಿ ಇನ್ನೂ ಹಳೆಯದೇ. ಹೇಳಿದ ಹೊತ್ತಿಗೆ ಹೋಗಿ ಕುಳಿತ. ಸಂದರ್ಶಿಸಬೇಕಾದವರು ಬಂದಿರಲಿಲ್ಲ. ಮಧ್ಯಾಹ್ನದ ತನಕ ‘ಇನ್ನೇನು ಬರುತ್ತಾರೆ’ ಎಂದರು. ನಾಲ್ಕು ಗಂಟೆಗೆ ‘ಇನ್ನೊಂದು ದಿನ ತಿಳಿಸುತ್ತೇವೆ’ ಎಂದರು. ಕ್ಷಮೆ ಕೇಳಿದವರು ಒಬ್ಬರೇ, ಬಾಗಿಲ ಬಳಿಯ ಕಾವಲುಗಾರರು. ಅವರ ತಪ್ಪಂತೂ ಅದರಲ್ಲಿ ಏನೂ ಇರಲಿಲ್ಲ.

ಹತ್ತು ದಿನ ಬಿಟ್ಟು ಮತ್ತೆ ಅದೇ ಪ್ರಯಾಣ. ಈ ಸಲ ನಲವತ್ತು ನಿಮಿಷ ಮಾತುಕತೆ ನಡೆಯಿತು, ಚೆನ್ನಾಗಿಯೇ ನಡೆಯಿತು. ‘ನಿಮ್ಮ ಕೆಲಸ ನೋಡಬೇಕು’ ಎಂದು ಒಂದು ಸಣ್ಣ ತಂತ್ರಾಂಶವನ್ನು ಮೂರು ದಿನಗಳಲ್ಲಿ ಬರೆದು ಕಳುಹಿಸುವಂತೆ ಹೇಳಿದರು. ಕೂಲಿಯ ಮಾತಿಲ್ಲ. ಮೂರು ರಾತ್ರಿ ಕುಳಿತು ಬರೆದು ಕಳುಹಿಸಿದ. ಬಳಿಕ ದೂರವಾಣಿಯಲ್ಲಿ ಮಾನವ ಸಂಪನ್ಮೂಲ ವಿಭಾಗದವರ ಸುತ್ತು: ತಂದೆಯ ಉದ್ಯೋಗವೇನು, ಜಮೀನು ಎಷ್ಟು, ಎಷ್ಟು ಸಂಬಳ ನಿರೀಕ್ಷಿಸುತ್ತೀರಿ, ಎರಡು ವರ್ಷ ಬಿಟ್ಟುಹೋಗುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡುವಿರಾ? ಕೊಡುತ್ತೇನೆಂದ. ‘ಒಂದು ವಾರದಲ್ಲಿ ತಿಳಿಸುತ್ತೇವೆ’ ಎಂದರು.

ಆ ವಾರ ಇನ್ನೂ ಮುಗಿದಿಲ್ಲ. ಮೂರು ಮಿಂಚಂಚೆಗಳಿಗೆ ಉತ್ತರವಿಲ್ಲ. ಮಾತನಾಡಿದ್ದವರ ಸಂಖ್ಯೆಗೆ ಕರೆ ಮಾಡಿದರೆ ಅವರೇ ಆ ಕಂಪನಿಯನ್ನು ಬಿಟ್ಟಿದ್ದರು. ಅದೇ ಹೊತ್ತಿನಲ್ಲಿ ಸೋಮನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಿಗಲಿದ್ದ ಚಿಕ್ಕ ಕೆಲಸವನ್ನು, ಬೆಂಗಳೂರಿನದು ಬಂದೇಬರುತ್ತದೆಂಬ ನಂಬಿಕೆಯಲ್ಲಿ ಅವನು ಬಿಟ್ಟಿದ್ದ. ಮೂರನೆಯ ತಿಂಗಳಲ್ಲಿ ಅದೇ ಕಂಪನಿಯ ಅದೇ ಹುದ್ದೆಯ ಜಾಹೀರಾತು ಅದೇ ಮಾತುಗಳಲ್ಲಿ ಮತ್ತೆ ಕಾಣಿಸಿಕೊಂಡಿತು.

ಇವನಿಗೆ ಆದ ಅನ್ಯಾಯ ಯಾವುದು? ಕೆಲಸ ಸಿಗದೆಹೋದುದು ಅನ್ಯಾಯವಲ್ಲ. ಹುದ್ದೆ ಒಂದು, ಬಂದವರು ಹತ್ತು ಜನ ಎಂದಾಗ ಒಂಬತ್ತು ಮಂದಿ ಹಿಂದಿರುಗಲೇಬೇಕು. ಅವರಲ್ಲಿ ತಾನೊಬ್ಬನೆಂಬುದನ್ನು ಒಪ್ಪಿಕೊಳ್ಳುವಷ್ಟು ವಿವೇಕ ರೈತನ ಮನೆಯಲ್ಲಿ ಬೆಳೆದವನಿಗೆ ಇರುತ್ತದೆ. ಮಳೆ ಕೈಕೊಟ್ಟುದನ್ನು ನೋಡಿ ಬೆಳೆದವನಲ್ಲವೇ ಅವನು? ‘ಇಲ್ಲ’ ಎಂಬ ಎರಡಕ್ಷರವನ್ನು ಹೇಳದೆ ಇಟ್ಟುಕೊಂಡುದೇ ಅನ್ಯಾಯ. ‘ಇಲ್ಲ’ ಎಂದಿದ್ದರೆ ಅವನು ಮರುದಿನವೇ ಸೋಮನಹಳ್ಳಿಗೆ ಹೋಗುತ್ತಿದ್ದ.

ಮದ್ದೂರಿನ ಹೆಣ್ಣುಮಗಳೊಬ್ಬಳಿಗೆ ಉತ್ತರವೇನೋ ಬೇಗನೆ ಬಂದಿತು, ಆದರೆ ಅದಕ್ಕೆ ಮೊದಲು ಕೇಳಿದ ಪ್ರಶ್ನೆಗಳು ಬೇರೆಯವು. ಮದುವೆ ನಿಶ್ಚಯವಾಗಿದೆಯೇ, ಆದಮೇಲೆ ಯಾವ ಊರಿಗೆ ಹೋಗುತ್ತೀರಿ, ಮಕ್ಕಳ ವಿಚಾರ ಏನು? ಇಂತಹ ಪ್ರಶ್ನೆಗಳು ಹೊಸವಲ್ಲ. ಜೀವ ವಿಮಾ ನಿಗಮವು ಕೆಲಸಕ್ಕೆ ಸೇರುವ ಮಹಿಳೆಯರಿಂದ ಮುಟ್ಟಿನ ಹಾಗೂ ಬಸಿರಿನ ವಿವರಗಳನ್ನು ಬರೆಸಿಕೊಳ್ಳುತ್ತಿದ್ದ ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 1991ರಲ್ಲಿ ನ್ಯಾಯಾಲಯವು ಆ ಕಲಮುಗಳು ಹೆಣ್ಣಿನ ಮಾನಕ್ಕೆ ಧಕ್ಕೆ ತರುವಂಥವೆಂದು ಹೇಳಿ, ಅವನ್ನು ತೆಗೆದುಹಾಕಬೇಕೆಂದು ಸೂಚಿಸಿತು. ಅಲ್ಲಿ ಅಚ್ಚಾದ ನಮೂನೆ ಇತ್ತು, ನ್ಯಾಯಾಧೀಶರ ಮುಂದೆ ಇಡಲು ಸಾಧ್ಯವಾಯಿತು. ಮದ್ದೂರಿನ ಹುಡುಗಿಗೆ ಕೇಳಿದ್ದು ಬಾಯಿಮಾತಿನಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ. ಅದಕ್ಕೆ ಸಾಕ್ಷಿ ಯಾರು?

ಪ್ರಶ್ನೆ ಕಟುವಾಗಿರುವುದರ ಬಗ್ಗೆ ಇಲ್ಲಿ ದೂರಿಲ್ಲ. ಕನ್ನಡದ ಅತ್ಯಂತ ಕಠಿಣ ಸಂದರ್ಶನವೊಂದು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿ, ಅನಂತರ ಬೇರೆ ಸಂಪಾದನಕಾರರು ಪರಿಷ್ಕರಿಸಿದ ಆ ಕೃತಿಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬರುವ ಭಾಗವನ್ನು ಓದಿದವರಿಗೆ ಅದು ನೆನಪಿರುತ್ತದೆ. ಅಲ್ಲಮಪ್ರಭುಗಳ ಪ್ರಶ್ನೆಗಳಲ್ಲಿ ದಾಕ್ಷಿಣ್ಯದ ಲೇಶವೂ ಇಲ್ಲ. ಅವಳ ಗಂಡ ಯಾರು, ಅವಳ ವೈರಾಗ್ಯ ನಿಜವೋ ವೇಷವೋ ಎಂದು ಎಳೆಎಳೆಯಾಗಿ ಕೆದಕುತ್ತಾರೆ. ಕೆಲವರಿಗೆ ಇಂದಿಗೂ ಆ ಪ್ರಸಂಗ ಅಕ್ಕನಿಗೆ ಮಾಡಿದ ಅವಮಾನವೆಂದೇ ತೋರುವುದುಂಟು. ಆದರೆ ಅಲ್ಲಿ ಮೂರು ಸಂಗತಿಗಳನ್ನು ಮರೆಯುವಂತಿಲ್ಲ. ಪ್ರಶ್ನೆ ಕೇಳಿದವರು ಎದುರಿಗೆ ಕುಳಿತಿದ್ದರು. ಅವಳ ಉತ್ತರವನ್ನು ಕೊನೆಯವರೆಗೆ ಕೇಳಿದರು. ತೀರ್ಮಾನವನ್ನು ಅವಳ ಕಿವಿಗೆ ಬೀಳುವಂತೆ, ಎಲ್ಲ ಶರಣರ ಸಮ್ಮುಖದಲ್ಲಿ ಹೇಳಿದರು. ಪ್ರಶ್ನಿಸಿದ ಅಲ್ಲಮರೇ ಅವಳ ನಿಲುವನ್ನು ಮೆಚ್ಚಿ ನುಡಿದರು. ಅವಳನ್ನು ಬಾಗಿಲಲ್ಲಿ ನಿಲ್ಲಿಸಿ, ‘ತಿಳಿಸುತ್ತೇವೆ’ ಎಂದು ಹೇಳಿ ಕಳುಹಿಸಿದವರಿರಲಿಲ್ಲ.

ಹನ್ನೆರಡನೆಯ ಶತಮಾನವನ್ನು ತಂದು ಕಂಪನಿಗಳ ಮುಂದೆ ಇಡುವುದು ಅತಿಯಾಯಿತು ಎನ್ನುವವರು ಇರಬಹುದು. ಹಾಗಾದರೆ ಮಂಡ್ಯದ ಕಬ್ಬಿನ ಗದ್ದೆಯ ಲೆಕ್ಕವನ್ನೇ ನೋಡೋಣವಾಗಲಿ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ಈ ಸೀಮೆಯ ಬದುಕು ಒಂದು ಕಾಯುವಿಕೆಯನ್ನು ಚೆನ್ನಾಗಿ ಬಲ್ಲದು: ಕಟಾವಿನ ಆದೇಶಕ್ಕಾಗಿ ಕಾಯುವುದು. ಬೆಳೆದು ನಿಂತ ಕಬ್ಬು ಆದೇಶ ಬರುವವರೆಗೆ ಗದ್ದೆಯಲ್ಲಿ ಒಣಗುತ್ತದೆ, ತೂಕ ಕಳೆದುಕೊಳ್ಳುತ್ತದೆ, ಸೂಲಂಗಿ ಹೊಡೆಯುತ್ತದೆ. ಕಾರ್ಖಾನೆಗೆ ಒಂದು ದಿನ ತಡವಾದರೆ ಅದು ಬರಿಯ ಒಂದು ದಿನ. ರೈತನಿಗೆ ಅದು ತೂಕ. ಕಬ್ಬು ಕಾರ್ಖಾನೆಗೆ ಹೋದಮೇಲಾದರೂ ಕಾನೂನು ರೈತನ ಕಡೆಗೆ ಸ್ವಲ್ಪ ನೋಡಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು. ಆ ಬಡ್ಡಿ ಎಷ್ಟು ಜನರ ಕೈಸೇರಿದೆಯೆಂದು ಕೇಳಿದರೆ ರೈತರು ನಗುತ್ತಾರೆ, ಅದು ಬೇರೆ ಮಾತು. ಆದರೂ ಕೊಟ್ಟ ವಸ್ತುವಿಗೆ ಗಡುವಿನೊಳಗೆ ಉತ್ತರ ಬರಬೇಕು, ತಡಮಾಡಿದವನು ತಡಕ್ಕೆ ಬೆಲೆ ತೆರಬೇಕು ಎಂಬ ತತ್ತ್ವ ಬರಹದಲ್ಲಿದೆ. ತಂದೆಯ ಕಬ್ಬಿಗೆ 14 ದಿನದ ಗಡುವುಂಟು. ಮಗನ ಮೂರು ರಾತ್ರಿಯ ದುಡಿಮೆಗೆ ಗಡುವೂ ಇಲ್ಲ, ಬೆಲೆಯೂ ಇಲ್ಲ.

ಕಂಪನಿಗಳು ಏಕೆ ಉತ್ತರಿಸುವುದಿಲ್ಲ? ಅವರ ಅಲಕ್ಷ್ಯ, ಸಿಬ್ಬಂದಿಯ ಕೊರತೆ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ವಿವರಣೆ ಅರ್ಧಸತ್ಯ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಬಿಡುವವರು ಎರಡು ಮೂರು ತಿಂಗಳು ಮೊದಲೇ ತಿಳಿಸಬೇಕೆಂಬ ಕರಾರು ಸಾಮಾನ್ಯ. ಆದ್ದರಿಂದ ಮೊದಲ ಆಯ್ಕೆಯ ಅಭ್ಯರ್ಥಿ ಬೇರೆಡೆ ದುಡಿಯುತ್ತಿದ್ದರೆ ಆತ ಒಪ್ಪಿಕೊಂಡಮೇಲೂ ಬಂದು ಸೇರುವುದಕ್ಕೆ ತೊಂಬತ್ತು ದಿನಗಳಾಗಬಹುದು. ಅಷ್ಟರಲ್ಲಿ ಇನ್ನೊಬ್ಬರು ಹೆಚ್ಚು ಸಂಬಳ ಕೊಟ್ಟರೆ ಬಾರದೆಯೂ ಇರಬಹುದು. ಆ ಭಯಕ್ಕೆ ಎರಡನೆಯವನನ್ನು, ಮೂರನೆಯವನನ್ನು ‘ಇಲ್ಲ’ ಎನ್ನದೆ ಇಟ್ಟುಕೊಳ್ಳಲಾಗುತ್ತದೆ. ಮೊದಲಿನವನು ಬಂದು ಕುಳಿತಮೇಲೆ ಉಳಿದವರ ನೆನಪು ಯಾರಿಗೂ ಇರುವುದಿಲ್ಲ. ಎಂದರೆ ಈ ಮೌನ ಮರೆವಿನಿಂದ ಹುಟ್ಟಿದುದಲ್ಲ, ಲಾಭದಿಂದ ಹುಟ್ಟಿದುದು. ಉಗ್ರಾಣದಲ್ಲಿ ಸರಕು ಇಟ್ಟುಕೊಂಡರೆ ಬಾಡಿಗೆ ತೆರಬೇಕು. ಮಳವಳ್ಳಿಯ ಹುಡುಗನನ್ನು ಅವನ ತಂದೆಯೇ ಸಾಕುತ್ತಿರುತ್ತಾನೆ.

ಇನ್ನು ಕೆಲವು ಕಡೆ ಹುದ್ದೆಯೇ ಇರುವುದಿಲ್ಲ. ಮುಂದೆ ಎಂದಾದರೂ ಬೇಕಾದೀತೆಂದು ಹೆಸರುಗಳ ಪಟ್ಟಿ ಮಾಡಿಟ್ಟುಕೊಳ್ಳಲು ಜಾಹೀರಾತು ಕೊಡುತ್ತಾರೆ. ಮತ್ತೆ ಕೆಲವು ಕಡೆ ಒಳಗಿನವರೊಬ್ಬರನ್ನು ಆಗಲೇ ನಿಶ್ಚಯಿಸಿದ್ದು, ನಿಯಮದ ಪಾಲನೆಗಾಗಿ ಹೊರಗಿನ ಇಬ್ಬರು ಮೂವರನ್ನು ಕರೆದು ಕೂರಿಸುತ್ತಾರೆ. ಬಂದವನು ತಾನು ಸ್ಪರ್ಧಿಯೆಂದು ತಿಳಿದಿರುತ್ತಾನೆ. ಅವರಿಗೆ ಅವನು ಲೆಕ್ಕ ಭರ್ತಿಯ ಆಳು.

ಕಂಪನಿಗಳ ಪರವಾಗಿ ಹೇಳುವ ಮಾತುಗಳನ್ನೂ ಕೇಳಬೇಕು. ಒಂದು ಹುದ್ದೆಗೆ ಸಾವಿರಾರು ಅರ್ಜಿಗಳು ಬರುತ್ತವೆ, ಎಲ್ಲರಿಗೂ ಉತ್ತರ ಬರೆಯಲಾಗದು ಎನ್ನುತ್ತಾರೆ. ಒಪ್ಪೋಣ, ಅರ್ಜಿ ಹಾಕುವುದು ಹಾಕಿದವನ ಇಚ್ಛೆ. ಇಲ್ಲಿ ಪ್ರಶ್ನೆ ಇರುವುದು ಕರೆಸಿಕೊಂಡವರ ಬಗೆಗೆ. ಸಾವಿರ ಅರ್ಜಿಗಳಲ್ಲಿ ಹತ್ತು ಮಂದಿಯನ್ನು ಕರೆದಿದ್ದರೆ ಬರೆಯಬೇಕಾದ ಉತ್ತರಗಳು ಹತ್ತೇ. ‘ಇಂಥ ದಿನ, ಇಂಥ ಹೊತ್ತಿಗೆ, ಇಂಥ ಮೂಲದಾಖಲೆಗಳೊಡನೆ ಬನ್ನಿ’ ಎಂದು ರಾತ್ರಿ ಹನ್ನೊಂದಕ್ಕೂ ತಾನಾಗಿ ಪತ್ರ ಕಳುಹಿಸುವ ಗಣಕಯಂತ್ರಕ್ಕೆ ‘ನಿಮ್ಮ ಆಯ್ಕೆಯಾಗಲಿಲ್ಲ’ ಎಂದು ಬರೆಯಲು ಮಾತ್ರ ಶಕ್ತಿ ಸಾಲದೇ? ಕಾರಣ ಹೇಳಿದರೆ ನ್ಯಾಯಾಲಯಕ್ಕೆ ಎಳೆಯುತ್ತಾರೆಂಬ ಅಂಜಿಕೆ ಇದೆಯಂತೆ. ಕಾರಣ ಹೇಳಿದರೆ ಉತ್ತಮ, ಮುಂದಿನ ಸಲ ತಿದ್ದಿಕೊಳ್ಳುತ್ತಾನೆ. ಅಂಜಿಕೆಯಿದ್ದರೆ ಕಾರಣವಿಲ್ಲದ ‘ಇಲ್ಲ’ವನ್ನಾದರೂ ಕೊಡಲಿ.

ಅಭ್ಯರ್ಥಿಗಳು ಮಾಡುವುದೇನು ಕಡಿಮೆಯೇ ಎಂಬ ಮಾತಿನಲ್ಲಿ ಸತ್ಯವಿದೆ. ಒಂದು ಕಂಪನಿಯ ನೇಮಕ ಪತ್ರವನ್ನು ತೋರಿಸಿ ಇನ್ನೊಂದರಲ್ಲಿ ಸಂಬಳ ಏರಿಸಿಕೊಳ್ಳುವವರು, ಬರುತ್ತೇನೆಂದು ಹೇಳಿ ಬಾರದವರು, ಮಾಡದ ಕೆಲಸಕ್ಕೆ ಅನುಭವದ ಪ್ರಮಾಣಪತ್ರ ತರುವವರು ಇದ್ದಾರೆ. ಮಂಡ್ಯದ ಹುಡುಗರಲ್ಲೂ ಇದ್ದಾರೆ. ಕೊಟ್ಟ ಮಾತಿಗೆ ತಪ್ಪಿದವನು ಬಡವನಾದರೂ ತಪ್ಪಿದವನೇ. ಆದರೆ ಅಂಥವರಿಂದ ತಪ್ಪಿಸಿಕೊಳ್ಳಲು ಕಂಪನಿಗೆ ಮುಚ್ಚಳಿಕೆಯಿದೆ, ದಾಖಲೆ ಪರಿಶೀಲಿಸುವ ಸಂಸ್ಥೆಗಳಿವೆ, ವಕೀಲರಿದ್ದಾರೆ. ಅಭ್ಯರ್ಥಿಯ ಕೈಯಲ್ಲಿ ಏನಿದೆ? ರೈಲಿನ ಚೀಟಿ.

ಸರ್ಕಾರಿ ಕೆಲಸದ ಸಂದರ್ಶನಗಳು ಶುದ್ಧವಾಗಿವೆಯೆಂದು ಯಾರೂ ಹೇಳಲಾರರು, ಕರ್ನಾಟಕದಲ್ಲಂತೂ ಹೇಳಲಾರರು. ಕರ್ನಾಟಕ ಲೋಕಸೇವಾ ಆಯೋಗದ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಕಥೆಯನ್ನು ಎಲ್ಲರೂ ಬಲ್ಲರು. ಆಯ್ಕೆಯಲ್ಲಿ ಅಕ್ರಮ ನಡೆದಿದೆಯೆಂಬ ಆರೋಪ ಬಂದು 2013ರಲ್ಲಿ ಸಿಐಡಿ ತನಿಖೆ ನಡೆಯಿತು. 2014ರಲ್ಲಿ ಸರ್ಕಾರ ಆಯ್ಕೆಪಟ್ಟಿಯನ್ನು ಒಪ್ಪದೆ ಕೈಬಿಟ್ಟಿತು. ಆಡಳಿತ ನ್ಯಾಯಮಂಡಳಿ 2016ರಲ್ಲಿ ಅಭ್ಯರ್ಥಿಗಳ ಪರವಾಗಿ ಹೇಳಿತು. 2018ರಲ್ಲಿ ಉಚ್ಚ ನ್ಯಾಯಾಲಯ ಸರ್ಕಾರದ ನಿರ್ಧಾರವನ್ನು ಎತ್ತಿಹಿಡಿಯಿತು. 2022ರಲ್ಲಿ ವಿಧಾನಮಂಡಲ ಪ್ರತ್ಯೇಕ ಕಾಯಿದೆಯನ್ನೇ ಮಾಡಿ ಅವರ ಆಯ್ಕೆಯನ್ನು ಸಿಂಧುಗೊಳಿಸಿತು. ಹನ್ನೊಂದು ವರ್ಷ! ಪ್ರಾಮಾಣಿಕವಾಗಿ ಬರೆದು ಆಯ್ಕೆಯಾದವರೂ, ಪ್ರಾಮಾಣಿಕವಾಗಿ ಬರೆದು ತಪ್ಪಿಹೋದವರೂ ಆ ಹನ್ನೊಂದು ವರ್ಷ ಒಂದೇ ಕತ್ತಲೆಯಲ್ಲಿ ಕುಳಿತಿದ್ದರು. ಆದರೂ ಆ ಹಗರಣ ಬಯಲಿಗೆ ಬಂದುದು ಏಕೆ? ಅಂಕಗಳಿದ್ದವು, ಪಟ್ಟಿಯಿತ್ತು, ಹೋಲಿಸಿ ನೋಡಿ ಕೇಳಲು ಅವಕಾಶವಿತ್ತು, ಕೇಳಿದ ಪ್ರಶ್ನೆಗೆ ಉತ್ತರಿಸಲೇಬೇಕಾದ ನ್ಯಾಯಪೀಠಗಳಿದ್ದವು.

ನ್ಯಾಯಾಲಯಗಳು ಸಂದರ್ಶನದ ಸ್ವರೂಪವನ್ನು ಬಹಳ ಹಿಂದಿನಿಂದಲೂ ಪರಿಶೀಲಿಸುತ್ತ ಬಂದಿವೆ. ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಪ್ರವೇಶಕ್ಕೆ ಅಂದಿನ ಮೈಸೂರು ರಾಜ್ಯ ಇಟ್ಟಿದ್ದ ಸಂದರ್ಶನ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಎತ್ತಿಹಿಡಿಯಿತು. ಮುಂದೆ ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ಪ್ರಕರಣದಲ್ಲಿ, 150 ಅಂಕಗಳಲ್ಲಿ 50ನ್ನು ಸಂದರ್ಶನಕ್ಕೆ ಇಟ್ಟು, ಒಬ್ಬೊಬ್ಬರನ್ನು ಎರಡು ಮೂರು ನಿಮಿಷ ಮಾತನಾಡಿಸಿ, ತಂದೆ ಯಾರು, ಊರು ಯಾವುದು ಎಂದು ಕೇಳಿ ಕಳುಹಿಸಿದುದು ನ್ಯಾಯಪೀಠದ ಮುಂದೆ ಬಂದಾಗ, ಸಂದರ್ಶನಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕ ಇಡುವುದು ಸ್ವೇಚ್ಛಾಚಾರವೆಂದೂ, ಸಂದರ್ಶನವನ್ನು ಧ್ವನಿಮುದ್ರಿಸಿಡುವುದು ಲೇಸೆಂದೂ ಅದೇ ನ್ಯಾಯಾಲಯ ಹೇಳಿತು. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಇವೆಲ್ಲ ರಾಜ್ಯಶಕ್ತಿಗೆ ಹಾಕಿದ ಕಡಿವಾಣಗಳು. ತಂದೆ ಯಾರು, ಜಮೀನು ಎಷ್ಟು ಎಂದು ಮಳವಳ್ಳಿಯ ಹುಡುಗನನ್ನು ಕೇಳಿದ ಖಾಸಗಿ ಕಂಪನಿಗೆ ಇವು ಯಾವುವೂ ತಗಲುವುದಿಲ್ಲ.

ಖಾಸಗಿಯವರ ಮೇಲೆ ಕಾನೂನಿನ ಹೊರೆ ಸ್ವಲ್ಪವೂ ಇಲ್ಲವೆಂದಲ್ಲ. 1959ರಷ್ಟು ಹಿಂದೆಯೇ, ಉದ್ಯೋಗ ವಿನಿಮಯ ಕೇಂದ್ರಗಳಿಗೆ ಖಾಲಿ ಹುದ್ದೆಗಳನ್ನು ಕಡ್ಡಾಯವಾಗಿ ತಿಳಿಸಬೇಕೆಂಬ ಕಾಯಿದೆ ಬಂದಿತು. ತಿಳಿಸಿದಮೇಲೆ ಅಲ್ಲಿಂದಲೇ ಆರಿಸಿಕೊಳ್ಳಬೇಕೆಂಬ ಕಟ್ಟು ಅದರಲ್ಲಿರಲಿಲ್ಲ. ಆ ವಿಷಯವೀಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ವಿಚಿತ್ರವನ್ನು ನೋಡಬೇಕು: ಹುದ್ದೆ ಖಾಲಿಯಿದೆಯೆಂದು ಕಚೇರಿಗೆ ತಿಳಿಸುವುದು ಕರ್ತವ್ಯ, ಹುದ್ದೆ ಭರ್ತಿಯಾಯಿತೆಂದು ಎದುರಿಗೆ ಬಂದು ಕುಳಿತಿದ್ದ ಮನುಷ್ಯನಿಗೆ ತಿಳಿಸುವುದು ಕರ್ತವ್ಯವಲ್ಲ. ಇದು ಆಗದ ಕೆಲಸವೆನ್ನುವವರು ಕೆನಡಾದ ಒಂಟಾರಿಯೋ ಪ್ರಾಂತದ ಕಡೆ ನೋಡಬಹುದು. 2026ರ ಜನವರಿ 1ರಿಂದ ಅಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು, ಜಾಹೀರಾತು ಕೊಟ್ಟ ಹುದ್ದೆಗೆ ಸಂದರ್ಶಿಸಿದವರಿಗೆ, ಕೊನೆಯ ಸಂದರ್ಶನವಾದ 45 ದಿನಗಳೊಳಗೆ ತೀರ್ಮಾನವಾಯಿತೇ ಇಲ್ಲವೇ ಎಂಬುದನ್ನು ತಿಳಿಸಲೇಬೇಕು. ಅಲ್ಲಿನ ಉದ್ಯಮಗಳೇನೂ ಅದರಿಂದ ಬಾಗಿಲು ಹಾಕಿಕೊಂಡು ಹೋಗಿಲ್ಲ.

ಕಾಯಿಸುವ ಚಾಳಿ ಸಂದರ್ಶನದೊಂದಿಗೆ ಮುಗಿಯುವುದೂ ಇಲ್ಲ. ಮಂಡ್ಯದಿಂದ ಗಂಟೆಯ ಹಾದಿಯಲ್ಲಿರುವ ಮೈಸೂರಿನಲ್ಲೇ ನಡೆದುದನ್ನು ಪತ್ರಿಕೆಗಳು ವರದಿ ಮಾಡಿವೆ. ಇನ್ಫೋಸಿಸ್ ಸಂಸ್ಥೆ 2022ರಲ್ಲಿ ಆರಿಸಿಕೊಂಡ ಹೊಸ ಪದವೀಧರರಲ್ಲಿ ಹಲವರು ನೇಮಕ ಪತ್ರ ಕೈಯಲ್ಲಿಟ್ಟುಕೊಂಡು ಎರಡು ವರ್ಷ ಕಾದು 2024ರಲ್ಲಿ ತರಬೇತಿಗೆ ಸೇರಿದರು; 2025ರ ಫೆಬ್ರವರಿಯಲ್ಲಿ ಅಂಥ 300ಕ್ಕೂ ಹೆಚ್ಚು ಮಂದಿ ಹೊರಬೀಳಬೇಕಾಯಿತು. ಮೂರು ಅವಕಾಶಗಳನ್ನು ಕೊಟ್ಟರೂ ಒಳಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂಬುದು ಸಂಸ್ಥೆಯ ವಿವರಣೆ. ಪರೀಕ್ಷೆಯ ನಿಯಮ ಮೊದಲೇ ಇತ್ತೆಂಬ ಮಾತನ್ನು ಒಪ್ಪಿಕೊಂಡರೂ, ಆ ಎರಡು ವರ್ಷ ಯಾರ ಲೆಕ್ಕಕ್ಕೆ ಬರೆಯಬೇಕು?

2024ರ ಜುಲೈನಲ್ಲಿ ಕನ್ನಡಿಗರಿಗೆ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ 70 ಮೀಸಲಿಡುವ ಮಸೂದೆಯನ್ನು ರಾಜ್ಯ ಸಚಿವ ಸಂಪುಟ ಒಪ್ಪಿ, ಉದ್ಯಮಿಗಳ ಗದ್ದಲಕ್ಕೆ ಎರಡೇ ದಿನಗಳಲ್ಲಿ ತಡೆಹಿಡಿಯಿತು. ಸರೋಜಿನಿ ಮಹಿಷಿ ವರದಿಯ ಕಾಲದಿಂದ, ಎಂದರೆ ನಲವತ್ತು ವರ್ಷಗಳಿಂದ ನಡೆದಿರುವ ಚರ್ಚೆ ಅದು. ಅದರ ಸಾಧಕಬಾಧಕ ಇಲ್ಲಿನ ವಿಷಯವಲ್ಲ. ಯಾರನ್ನು ಆರಿಸಬೇಕೆಂದು ಅಷ್ಟು ಮಾತಾಯಿತು. ಆರಿಸದೆ ಬಿಟ್ಟವರನ್ನು ಹೇಗೆ ಕಳುಹಿಸಿಕೊಡಬೇಕೆಂದು ಯಾವ ಪಕ್ಷವೂ ಕೇಳಲಿಲ್ಲ. ಆ ಪ್ರಶ್ನೆಯಲ್ಲಿ ಕನ್ನಡಿಗ, ಪರಭಾಷಿಕನೆಂಬ ಜಗಳವಿಲ್ಲ, ಸರ್ಕಾರಕ್ಕೆ ಖರ್ಚೂ ಇಲ್ಲ. ಬಹುಶಃ ಅದಕ್ಕಾಗಿಯೇ ಯಾರಿಗೂ ಬೇಡವಾಯಿತು.

ಕಂಪನಿಗಳನ್ನು ಇಷ್ಟು ಮಾತಿನಲ್ಲಿ ಜರೆದಮೇಲೆ ಹತ್ತಿರದ ಮನೆಯನ್ನೂ ನೋಡದಿದ್ದರೆ ಅದು ಅಪ್ರಾಮಾಣಿಕತೆಯಾದೀತು. ಈ ನಾಡಿನಲ್ಲಿ ಮಠಮಾನ್ಯಗಳು, ಜನಾಂಗದ ಸಂಘಗಳು, ಟ್ರಸ್ಟುಗಳು ನಡೆಸುವ ಶಾಲಾಕಾಲೇಜುಗಳು ಸಾವಿರಾರು. ಅಲ್ಲಿಯೂ ಅಧ್ಯಾಪಕರ ಹುದ್ದೆಗೆ ಸಂದರ್ಶನ ನಡೆಯುತ್ತದೆ. ನೂರಾರು ಮೈಲಿ ದೂರದಿಂದ ಪಿಎಚ್.ಡಿ. ಪ್ರಬಂಧವನ್ನು ಚೀಲದಲ್ಲಿಟ್ಟುಕೊಂಡು ಬಂದವನು ಕಾರಿಡಾರಿನಲ್ಲಿ ಸಂಜೆಯವರೆಗೆ ಕುಳಿತು, ಯಾರನ್ನು ತೆಗೆದುಕೊಳ್ಳುವುದೆಂದು ಹಿಂದಿನ ವಾರವೇ ತೀರ್ಮಾನವಾಗಿತ್ತೆಂಬುದನ್ನು ಅಟೆಂಡರಿನ ಬಾಯಿಂದ ಕೇಳಿ ಹಿಂದಿರುಗಿದ ಉದಾಹರಣೆಗಳಿಗೆ ಬರವಿಲ್ಲ. ‘ನಿಮ್ಮವರು ಯಾರು’ ಎಂಬ ಪ್ರಶ್ನೆ ಅಲ್ಲಿ ಕೇಳಿಬರುವುದಿಲ್ಲವೇ? ಕುಲವನ್ನು ಕೇಳಬಾರದೆಂದು ಬೋಧಿಸಿದವರ ಭಾವಚಿತ್ರ ಗೋಡೆಯ ಮೇಲಿರುವ ಕೋಣೆಯಲ್ಲೇ ಅದನ್ನು ಕೇಳಲಾಗುತ್ತದೆ. ಕಂಪನಿಗೆ ಕಾಯಕವೆಂಬ ಮಾತು ಗೊತ್ತಿಲ್ಲ, ಅದು ಮೌನವಾಗಿದ್ದರೆ ಅಜ್ಞಾನವೆನ್ನಬಹುದು. ದಿನವೂ ಆ ಮಾತನ್ನು ಪಠಿಸುವವರು ಕಾಯಕ ಬೇಡಿ ಬಂದವನಿಗೆ ಒಂದು ಅಂಚೆ ಕಾರ್ಡಿನಷ್ಟು ಉತ್ತರ ಬರೆಯದಿದ್ದರೆ ಅದಕ್ಕೆ ಏನೆನ್ನಬೇಕು?

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಕಂಪನಿಗಳು ಮಂಡ್ಯದ ಕಾಲೇಜುಗಳಿಗೆ, ಜಿಲ್ಲೆಯ ಉದ್ಯೋಗ ಮೇಳಗಳಿಗೆ ತಾವಾಗಿ ಬರುತ್ತವೆ. ಅವರಿಗೆ ಸಭಾಂಗಣ ಕೊಡುವವರು, ಗಣಕಯಂತ್ರಗಳ ಕೋಣೆ ತೆರೆಸುವವರು, ಊಟ ಹಾಕಿಸುವವರು, ವಿದ್ಯಾರ್ಥಿಗಳನ್ನು ಬೆಳಿಗ್ಗೆ ಏಳಕ್ಕೇ ಸಾಲಾಗಿ ನಿಲ್ಲಿಸುವವರು ಇಲ್ಲಿನವರೇ. ಮೇಳ ಮುಗಿದ ಮರುದಿನ ಎಷ್ಟು ಮಂದಿ ಬಂದರು, ಎಷ್ಟು ಮಂದಿಗೆ ಸ್ಥಳದಲ್ಲೇ ಆಯ್ಕೆಪತ್ರ ಸಿಕ್ಕಿತೆಂದು ಪತ್ರಿಕೆಗೆ ಲೆಕ್ಕ ಕೊಡುತ್ತಾರೆ. ಸಂದರ್ಶಿಸಿ ಉತ್ತರಿಸದೆ ಬಿಟ್ಟವರ ಲೆಕ್ಕವನ್ನು ಇಡುವವರಿಲ್ಲ. ಕಾಲೇಜಿನ ನೇಮಕಾತಿ ವಿಭಾಗದಲ್ಲಿ ಒಂದು ದಫ್ತರು ಸಾಕು: ಯಾವ ಕಂಪನಿ, ಯಾವ ದಿನ, ಯಾರನ್ನು ಸಂದರ್ಶಿಸಿತು, ಯಾರಿಗೆ ಎಂದು ಉತ್ತರ ಬಂದಿತು. ಮುಂದಿನ ವರ್ಷ ಅದೇ ಕಂಪನಿ ದಿನಾಂಕ ಕೇಳಿ ಪತ್ರ ಬರೆದಾಗ, ‘ಕಳೆದ ವರ್ಷದ ಇಷ್ಟು ಮಂದಿಗೆ ತಮ್ಮ ಉತ್ತರ ಬಾಕಿಯಿದೆ, ಅದು ಬಂದಮೇಲೆ ಸಭಾಂಗಣದ ಬೀಗ ತೆಗೆಸಲಾಗುವುದು’ ಎಂದು ಪ್ರಾಂಶುಪಾಲರು ಬರೆಯಲಿ. ಆ ಪತ್ರದ ಒಂದು ಪ್ರತಿಯನ್ನು ಕಾಲೇಜಿನ ಸೂಚನಾ ಫಲಕಕ್ಕೂ ಹಚ್ಚಲಿ.